ನಿಮ್ಮ ವಸಡಿನ ಅಳತೆ ನಿಮಗೆ ಗೊತ್ತಾ? ದಂತವೈದ್ಯರ ಬಳಿ ನಿಯಮಿತ ಆರೈಕೆಗೆ ಒಂದು ಮಾರ್ಗದರ್ಶಿ

ಹಲ್ಲು ಹುಳುಕಾದರೆ ನೋವೇ ನಮ್ಮನ್ನು ಡಾಕ್ಟರ ಬಳಿ ಎಳೆದುಕೊಂಡು ಹೋಗುತ್ತದೆ. ವಸಡಿನ ಕಾಯಿಲೆ ಅಷ್ಟು ಉಪಕಾರವನ್ನೂ ಮಾಡುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಹಲ್ಲಿನ ಸುತ್ತಲಿನ ಮೂಳೆಯನ್ನು ಕರಗಿಸುತ್ತಾ ಹೋಗುತ್ತದೆ. ಉಜ್ಜುವಾಗ ಒಂಚೂರು ರಕ್ತ, ಬೆಳಿಗ್ಗೆ ಬಾಯಿ ವಾಸನೆ, ಇಷ್ಟೇ ಅದು ಕೊಡುವ ಸುಳಿವು. ಕೊನೆಗೆ ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಅಲ್ಲಾಡುತ್ತದೆ. "ವಯಸ್ಸಾಯ್ತಲ್ಲ" ಅಂತ ಮನೆಯವರೆಲ್ಲ ಸಮಾಧಾನ ಹೇಳುತ್ತಾರೆ. ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳುವುದಿಲ್ಲ. ಹಿಡಿದುಕೊಳ್ಳುವ ಮೂಳೆ ಹೋದದ್ದರಿಂದ ಬೀಳುತ್ತದೆ.

ನಮ್ಮ ರಾಜ್ಯದಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡುವ 'ದಂತ ಭಾಗ್ಯ' ಯೋಜನೆ ಇದೆ. ಒಳ್ಳೆಯ ಯೋಜನೆಯೇ. ಆದರೆ ಸೆಟ್ ಬೇಕಾಗುವ ಹಂತಕ್ಕೆ ಬರುವ ಎಷ್ಟೋ ಬಾಯಿಗಳಲ್ಲಿ, ಇಪ್ಪತ್ತು ವರ್ಷ ಮುಂಚೆ ಯಾರಾದರೂ ವಸಡನ್ನು ಅಳೆದು ನೋಡಿದ್ದರೆ ಸಾಕಿತ್ತು.

ಅಳತೆ ಅಂದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದೂ ಅದನ್ನೇ. ಸುಮ್ನೆ 'ಆರು ತಿಂಗಳಿಗೊಮ್ಮೆ ಕ್ಲೀನಿಂಗ್' ಅಂತ ಹೋಗಿ ಬರುವುದಲ್ಲ. ವಸಡನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಸಿ, ಆ ಅಂಕಿ ಬರೆಸಿಕೊಳ್ಳಿ. ಮುಂದಿನ ಸಲ ಯಾವಾಗ ಬರಬೇಕು ಅನ್ನುವುದು ಆ ಅಂಕಿಯಿಂದ ತೀರ್ಮಾನವಾಗಲಿ.

ಮೊದಲು, ಒಳಗೆ ಏನು ನಡೆಯುತ್ತದೆ

ಊಟವಾದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಅಂಟಂಟು ಅನ್ನಿಸುತ್ತದಲ್ಲ, ಅದರಲ್ಲಿ ಬಹುಪಾಲು ಪ್ಲಾಕ್. ಬ್ಯಾಕ್ಟೀರಿಯಾಗಳ ಪದರ ಅದು. ಉಜ್ಜಿದರೆ ಹೋಗುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ಕೂರಲು ಶುರುವಾಗುತ್ತದೆ.

1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಅವರ ಸಂಗಡಿಗರು ಡೆನ್ಮಾರ್ಕಿನಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಸರಿಯಾಗಿ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ವಸಡಿನ ಊತಕ್ಕೆ ಪ್ಲಾಕೇ ಕಾರಣ, ಅದನ್ನು ತೆಗೆದರೆ ಊತ ಹೋಗುತ್ತದೆ ಅನ್ನುವುದು ಅಲ್ಲಿ ಖಚಿತವಾಯಿತು. ಈ ಮೊದಲ ಹಂತದ ಹೆಸರು ಜಿಂಜಿವೈಟಿಸ್. ಇಲ್ಲಿಂದ ಪೂರ್ತಿ ವಾಪಸ್ ಬರಬಹುದು.

ಉಜ್ಜದೆ ಬಿಟ್ಟ ಜಾಗದಲ್ಲಿ ಪ್ಲಾಕ್ ಹಾಗೇ ಕೂತರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಒಂದೆರಡು ವಾರದಲ್ಲಿ ಗಟ್ಟಿ ಗಾರೆಯಾಗುತ್ತದೆ. ಡಾಕ್ಟರರು ಟಾರ್ಟರ್ ಅಥವಾ ಕ್ಯಾಲ್ಕುಲಸ್ ಅನ್ನುತ್ತಾರೆ, ನಮ್ಮ ಕಡೆ ಪಾಚಿ ಕಟ್ಟಿದೆ ಅನ್ನುತ್ತೇವೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರದ ಹಾಗೆ. ಎಷ್ಟು ಉಜ್ಜಿದರೂ ಬ್ರಷ್ಷಿಗೆ ಬಗ್ಗುವುದಿಲ್ಲ. ಗಾರೆಯ ಮೈ ಒರಟು, ಅದರ ಮೇಲೆ ಹೊಸ ಪ್ಲಾಕ್ ಇನ್ನೂ ಸುಲಭವಾಗಿ ಕೂರುತ್ತದೆ.

ಮುಂದಿನದು ಕಣ್ಣಿಗೆ ಕಾಣದ ಭಾಗ. ಹಲ್ಲಿಗೂ ವಸಡಿಗೂ ನಡುವೆ ಸಹಜವಾಗಿ ಒಂದು ಸಣ್ಣ ಸಂದಿ ಇರುತ್ತದೆ. ಊತ ಮುಂದುವರಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿ ಆಳವಾಗುತ್ತದೆ. ಅದೇ ಪಾಕೆಟ್. ಬ್ರಷ್ಷಿನ ಎಳೆ ವಸಡಿನ ಕೆಳಗೆ ಒಂದೆರಡು ಮಿಲಿಮೀಟರ್ ಹೋದರೆ ಹೆಚ್ಚು. ಐದು ಮಿಲಿಮೀಟರ್ ಆಳದ ಪಾಕೆಟ್ಟಿನ ತಳದಲ್ಲಿ ಏನಿದೆಯೋ ಅದು ಮನೆಯಲ್ಲಿ ಯಾರ ಕೈಗೂ ಸಿಗುವುದಿಲ್ಲ. ಅಲ್ಲಿ ಮೂಳೆ ಕರಗಲು ಶುರುವಾದರೆ ಅದು ಪೆರಿಯೊಡಾಂಟೈಟಿಸ್. ಕಾಯಿಲೆಯನ್ನು ನಿಲ್ಲಿಸಬಹುದು. ಹೋದ ಮೂಳೆ ಮಾತ್ರ ಬಹುಮಟ್ಟಿಗೆ ಹೋದಂತೆಯೇ.

ಪೇಸ್ಟು ಬದಲಿಸಿ, ಬ್ರಷ್ ಬದಲಿಸಿ, ಉಪ್ಪುನೀರು ಮುಕ್ಕಳಿಸಿ ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಹಂತ 1: ಕನ್ನಡಿ ಮುಂದೆ ಐದು ನಿಮಿಷ

ಒಳ್ಳೆಯ ಬೆಳಕಿನಲ್ಲಿ ನಿಂತು ತುಟಿ ಎತ್ತಿ ನೋಡಿ. ವಸಡಿನ ಅಂಚು ತೆಳ್ಳಗೆ, ಬಿಗಿಯಾಗಿ ಹಲ್ಲಿಗೆ ಅಂಟಿಕೊಂಡಿರಬೇಕು. ನಮ್ಮಲ್ಲಿ ಎಷ್ಟೋ ಜನರ ವಸಡು ಸಹಜವಾಗಿಯೇ ಕಂದು ಬಣ್ಣ. ಹಾಗಾಗಿ ಬಣ್ಣಕ್ಕಿಂತ ಆಕಾರ ನೋಡಿ. ಹಲ್ಲುಗಳ ನಡುವಿನ ವಸಡಿನ ತುದಿ ಚೂಪಾಗಿರುವ ಬದಲು ಉಬ್ಬಿ ಹೊಳೆಯುತ್ತಿದ್ದರೆ ಊತ ಇದೆ ಎಂದರ್ಥ.

ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ನಾಲಿಗೆ ತಾಗುವ ಕಡೆ, ಒಂದು ಸಣ್ಣ ಕನ್ನಡಿ ಹಿಡಿದು ನೋಡಿ. ಹಳದಿ ಅಥವಾ ಕಂದು ಗಾರೆ ಮೊದಲು ಕಟ್ಟುವುದು ಅಲ್ಲೇ. ನಾಲಿಗೆಯ ಕೆಳಗೆ ಜೊಲ್ಲಿನ ಗ್ರಂಥಿಯ ಬಾಯಿ ಇರುವುದು ಕಾರಣ. ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿಗೂ ಇದೇ ಕಥೆ, ಅಲ್ಲಿ ಇನ್ನೊಂದು ಗ್ರಂಥಿಯ ಬಾಯಿ ಇದೆ.

ಇನ್ನು ಕೆಲವು ಸುಳಿವುಗಳಿಗೆ ಕನ್ನಡಿಯೂ ಬೇಡ. ಮೊದಲು ಸಿಕ್ಕಿಕೊಳ್ಳದ ಜಾಗದಲ್ಲಿ ಈಗ ತರಕಾರಿ ನಾರು ಸಿಕ್ಕಿಕೊಳ್ಳುತ್ತಿದೆಯಾ? ಮುಂದಿನ ಎರಡು ಹಲ್ಲುಗಳ ನಡುವೆ ಹಳೆಯ ಫೋಟೋದಲ್ಲಿ ಇಲ್ಲದ ಸಂದಿ ಈಗ ಕಾಣುತ್ತಿದೆಯಾ? ಹಲ್ಲು ಉದ್ದವಾದಂತೆ ಅನ್ನಿಸುತ್ತಿದೆಯಾ? ಹಲ್ಲು ಬೆಳೆಯುವುದಿಲ್ಲ, ವಸಡು ಇಳಿದಿರುತ್ತದೆ.

ಬೀಡಿ, ಸಿಗರೇಟು ಸೇದುವವರಿಗೆ ಒಂದು ಮಾತು. 'ನಂಗೆ ರಕ್ತಾನೇ ಬರಲ್ಲ' ಅಂತ ಧೈರ್ಯವಾಗಿರಬೇಡಿ. ತಂಬಾಕು ವಸಡಿನ ರಕ್ತಸ್ರಾವವನ್ನೇ ಮುಚ್ಚಿಡುತ್ತದೆ, ಒಳಗೆ ಮೂಳೆ ಮಾತ್ರ ಬೇರೆಯವರಿಗಿಂತ ಬೇಗ ಹೋಗುತ್ತಿರುತ್ತದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಗುಟ್ಕಾ ಅಗಿಯುವವರು ಅದನ್ನು ಒತ್ತರಿಸಿ ಇಟ್ಟುಕೊಳ್ಳುವ ಬದಿಯ ವಸಡನ್ನು ಇನ್ನೊಂದು ಬದಿಗೆ ಹೋಲಿಸಿ ನೋಡಿಕೊಳ್ಳಲಿ. ಅಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ವಸಡಿನ ಚಿಂತೆ ಆಮೇಲೆ, ಮೊದಲು ಅದನ್ನು ತೋರಿಸಿ.

ಹಂತ 2: ಎಲ್ಲಿಗೆ ಹೋಗುವುದು

ಮೊದಲ ಭೇಟಿಗೆ ಬಿಡಿಎಸ್ ಓದಿದ ಯಾವ ದಂತವೈದ್ಯರಾದರೂ ಸಾಕು. ಪಾಕೆಟ್ ಆಳ ಇದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ, ಎಂಡಿಎಸ್‌ನಲ್ಲಿ ಪೆರಿಯೊಡಾಂಟಿಕ್ಸ್ ಮಾಡಿದವರು ವಸಡಿನ ತಜ್ಞರು. ಬೋರ್ಡಿನಲ್ಲಿ ಡಿಗ್ರಿ ಜೊತೆ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಖರ್ಚಿನ ಯೋಚನೆ ಇರುವವರಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ದಾರಿ ಇದೆ. ದಂತ ಕಾಲೇಜುಗಳ ವಿಷಯದಲ್ಲಿ ಕರ್ನಾಟಕಕ್ಕೆ ಬಡತನ ಇಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು, ಮಣಿಪಾಲದ್ದು 1965ರದ್ದು. ದಾವಣಗೆರೆ, ಮಂಗಳೂರು, ಮೈಸೂರು, ಧಾರವಾಡ, ಬೆಳಗಾವಿಯಲ್ಲೂ ಕಾಲೇಜುಗಳಿವೆ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ 'ವಸಡು ತೋರಿಸಬೇಕು' ಅಂದರೆ ಪೆರಿಯೊಡಾಂಟಿಕ್ಸ್ ವಿಭಾಗಕ್ಕೆ ಕಳಿಸುತ್ತಾರೆ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಮೇಲೆ ಅಧ್ಯಾಪಕರು ಇರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅಳತೆಯ ವಿಷಯದಲ್ಲಿ ಕಾಲೇಜೇ ಮೇಲು. ಅಲ್ಲಿ ಪ್ರತಿ ಹಲ್ಲಿನ ಅಂಕಿಯನ್ನು ಬರೆಯಲೇಬೇಕು, ಬಿಟ್ಟರೆ ಸಹಿ ಸಿಗುವುದಿಲ್ಲ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ. ಬಹಳಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲೂ ದಂತ ವಿಭಾಗ ಇರುತ್ತದೆ.

ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಫೋನಿನಲ್ಲೇ ಕೇಳಿಬಿಡಿ: ಇಡೀ ಬಾಯಿಯ ಸ್ಕೇಲಿಂಗಿಗೆ (ಗಾರೆ ತೆಗೆಯುವ ಕ್ಲೀನಿಂಗಿಗೆ) ಎಷ್ಟು, ಪಾಕೆಟ್ ಅಳೆದು ಚಾರ್ಟ್ ಮಾಡುತ್ತೀರಾ, ಅದಕ್ಕೆ ಬೇರೆ ದುಡ್ಡಾ? ರಸ್ತೆ ಬದಿ ಕೂತು ಆಸಿಡ್ ಹಚ್ಚಿ ಹಲ್ಲು ಬೆಳ್ಳಗೆ ಮಾಡುವವರ ಹತ್ತಿರ ಮಾತ್ರ ಹೋಗಬೇಡಿ, ಹಲ್ಲಿನ ಎನಾಮೆಲ್ಲೇ ಸುಟ್ಟುಹೋಗುತ್ತದೆ.

ಹಂತ 3: ಹೋಗುವಾಗ ಏನು ಹೇಳಬೇಕು

'ಹಲ್ಲಿನ ಡಾಕ್ಟ್ರಿಗೆ ಶುಗರ್ ವಿಷಯ ಯಾಕೆ' ಅನ್ನುವವರು ಬಹಳ. ಹೇಳಲೇಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡಿನ ಸೋಂಕು ಇದ್ದರೆ ಸಕ್ಕರೆಯೂ ಹತೋಟಿಗೆ ಬರಲು ಒಪ್ಪುವುದಿಲ್ಲ. ವಸಡಿಗೆ ಸರಿಯಾದ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತ ಪರೀಕ್ಷೆಯ ಅಂಕಿ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. 7.9 ಇದ್ದದ್ದು 7.5ರ ಆಸುಪಾಸಿಗೆ ಬಂದ ಹಾಗೆ. ಕೊನೆಯ ರಿಪೋರ್ಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ತಿಂಡಿ, ಮಾತ್ರೆ ತಪ್ಪಿಸಿ ಹೋಗಬೇಡಿ.

ಮಾತ್ರೆಗಳ ಪಟ್ಟಿ ಬೇಕು. ಬಿಪಿಗೆ ಕೊಡುವ ಅಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೆಲವರಲ್ಲಿ ವಸಡನ್ನು ದಪ್ಪಗೆ ಬೆಳೆಸುತ್ತವೆ. ಹಾಗೆ ಆಗಿದ್ದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಇಬ್ಬರೂ ಡಾಕ್ಟರರಿಗೆ ತಿಳಿಸಿ. ರಕ್ತ ತೆಳುವಾಗಿಸುವ ಮಾತ್ರೆಗೂ ಇದೇ ಮಾತು. ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ ಕ್ಲೀನಿಂಗಿಗೆ ಮುಂಚೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಇದನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ.

ಗರ್ಭಿಣಿಯರ ವಸಡು ಹಾರ್ಮೋನಿನಿಂದಾಗಿ ಬೇಗ ಊದುತ್ತದೆ, ರಕ್ತ ಬರುತ್ತದೆ. 'ಹೆರಿಗೆ ಆಗಲಿ, ಆಮೇಲೆ ನೋಡೋಣ' ಅನ್ನುವುದು ಮನೆಯ ಹಿರಿಯರ ಸಲಹೆ. ಆದರೆ ಕ್ಲೀನಿಂಗ್ ಗರ್ಭಿಣಿಯರಿಗೆ ಅಪಾಯವಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಕುರ್ಚಿಯಲ್ಲಿ ಒರಗಿ ಕೂರುವುದೂ ಸಲೀಸು.

ಹಂತ 4: ಅಳತೆ ಮಾಡಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹೆಚ್ಚಿನವರ ಭೇಟಿಯಲ್ಲಿ ಬಿಟ್ಟುಹೋಗುವುದು ಇದೇ.

ಪ್ರೋಬ್ ಅಂದರೆ ಮೊಂಡು ತುದಿಯ, ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿ. ಅದನ್ನು ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಮೆಲ್ಲಗೆ ಇಳಿಸಿ, ಎಲ್ಲಿ ನಿಲ್ಲುತ್ತದೋ ಆ ಗೆರೆ ಓದುತ್ತಾರೆ. ಒಂದು ಹಲ್ಲಿಗೆ ಆರು ಕಡೆ: ಕೆನ್ನೆ ಬದಿಗೆ ಮೂರು, ಒಳಬದಿಗೆ ಮೂರು. 28 ಹಲ್ಲು ಇದ್ದರೆ 168 ಅಂಕಿ. ಡಾಕ್ಟರು "ಮೂರು, ಎರಡು, ಮೂರು... ಮೂರು, ಎರಡು, ಐದು" ಅಂತ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆರೋಗ್ಯವಾದ ವಸಡಿನಲ್ಲಿ ಬರೀ ತಾಗಿದ ಅನುಭವ. ಊದಿದ ಕಡೆ ಚುರುಕ್ ಅನ್ನುತ್ತದೆ.

ನೀವು ಕಿವಿಗೊಟ್ಟು ಕೇಳಿ. ಒಂದರಿಂದ ಮೂರು ಚೆನ್ನಾಗಿದೆ. ನಾಲ್ಕು, ಐದು ಕೇಳಿಸಿದರೆ ಗಮನ ಕೊಡಬೇಕಾದ ಜಾಗ. ಆರು, ಅದಕ್ಕಿಂತ ಜಾಸ್ತಿ ಅಂದರೆ ಆಳದ ಪಾಕೆಟ್. ಅಳೆದ ಕೆಲವೇ ಸೆಕೆಂಡಿನಲ್ಲಿ ರಕ್ತ ಜಿನುಗಿದರೆ ಅದನ್ನೂ ಗುರುತು ಹಾಕುತ್ತಾರೆ. ಅಂಕಿ ಮೂರೇ ಇದ್ದು ರಕ್ತ ಬಂದರೆ ಊತ ಈಗಷ್ಟೇ ಶುರುವಾಗಿದೆ. ಐದು ಇದ್ದು ರಕ್ತವೂ ಬಂದರೆ ಅಲ್ಲಿ ಕಾಯಿಲೆ ಕೆಲಸ ಮಾಡುತ್ತಿದೆ ಎಂದೇ ಇಟ್ಟುಕೊಳ್ಳಿ. ವಸಡು ಎಷ್ಟು ಇಳಿದಿದೆ, ಹಲ್ಲು ಎಷ್ಟು ಅಲ್ಲಾಡುತ್ತಿದೆ ಅನ್ನುವುದೂ ಚಾರ್ಟಿನಲ್ಲಿ ಬರಬೇಕು. ಪಾಕೆಟ್ ಇದ್ದ ಕಡೆ ಎಕ್ಸ್‌ರೇ ತೆಗೆದರೆ ಮೂಳೆ ಎಲ್ಲಿದೆ ಅನ್ನುವುದು ಕಾಣುತ್ತದೆ.

ಎಲ್ಲರಿಗೂ 168 ಅಂಕಿ ಬೇಕಿಲ್ಲ. ಮೊದಲ ಸಲ ಬಾಯಿಯನ್ನು ಆರು ಭಾಗ ಮಾಡಿಕೊಂಡು, ತುದಿಯಲ್ಲಿ ಸಣ್ಣ ಗುಂಡು ಇರುವ ಪ್ರೋಬಿನಿಂದ ತಟ್ಟನೆ ನೋಡುವ ಕ್ರಮವೂ ಇದೆ. ಆ ಪ್ರೋಬಿನಲ್ಲಿ 3.5ರಿಂದ 5.5 ಮಿಲಿಮೀಟರ್‌ವರೆಗೆ ಒಂದು ಕಪ್ಪು ಪಟ್ಟಿ. ಪಟ್ಟಿ ಪೂರ್ತಿ ಕಾಣುತ್ತಿದ್ದರೆ ಪಾಕೆಟ್ ಇಲ್ಲ. ಅರ್ಧ ಮುಳುಗಿದರೆ ನೋಡಬೇಕು. ಪೂರ್ತಿ ಮುಳುಗಿದರೆ ಇಡೀ ಚಾರ್ಟ್ ಮಾಡಲೇಬೇಕು. ಎರಡು ನಿಮಿಷದ ಕೆಲಸ, ಇದಕ್ಕೆ ಸಮಯವಿಲ್ಲ ಅನ್ನುವ ಕ್ಲಿನಿಕ್ ಬದಲಾಯಿಸುವುದೇ ಲೇಸು.

ಕೇಳಲು ಸಂಕೋಚವೇ? ಹೀಗೆ ಕೇಳಿ: "ಡಾಕ್ಟ್ರೇ, ನಾಲ್ಕು ಮತ್ತು ಅದಕ್ಕಿಂತ ಜಾಸ್ತಿ ಇರೋ ಜಾಗ ಎಷ್ಟಿವೆ? ಎಲ್ಲೆಲ್ಲಿ ರಕ್ತ ಬಂತು? ಚಾರ್ಟಿನ ಫೋಟೋ ತಗೊಳ್ಲಾ?" ಒಳ್ಳೆಯ ಡಾಕ್ಟರಿಗೆ ಇಂಥ ಪ್ರಶ್ನೆ ಖುಷಿಯೇ.

ಹಂತ 5: ಕ್ಲೀನಿಂಗ್

ಸ್ಕೇಲಿಂಗ್ ಯಂತ್ರದ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ಕೊರೆಯುವುದಿಲ್ಲ, ಕಂಪನದಿಂದ ಗಾರೆಯನ್ನು ಒಡೆದು ಬೀಳಿಸುತ್ತದೆ. ಬಿಸಿಯಾಗದಂತೆ ನೀರು ಚಿಮ್ಮುತ್ತಲೇ ಇರುತ್ತದೆ. 'ಕೀಂ' ಅನ್ನುವ ಸದ್ದು ಕೆಲವರಿಗೆ ಹಿಂಸೆ. ಕೈ ಎತ್ತಿದರೆ ನಿಲ್ಲಿಸಿ ಅಂತ ಮೊದಲೇ ಮಾತಾಡಿಕೊಳ್ಳಿ. ಉಗುಳಿದಾಗ ಕರಿ ಚೂರುಗಳು ಬಂದರೆ ಗಾಬರಿ ಬೇಡ, ವಸಡಿನ ಕೆಳಗಿನ ಗಾರೆ ಕಪ್ಪಗೇ ಇರುತ್ತದೆ.

ಈಗ ಹಳೆಯ ದೂರು: 'ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲ ಆಯ್ತು, ಸಂದಿ ಬಿತ್ತು.' ಊರಲ್ಲಿ ಇದನ್ನು ಹೇಳದವರೇ ಇಲ್ಲ. ಸಂದಿ ನಿಜವಾಗಿಯೂ ಬಂದಂತೆ ಕಾಣುತ್ತದೆ, ನಾಲಿಗೆಗೂ ಗೊತ್ತಾಗುತ್ತದೆ. ವಸಡು ಇಳಿದು, ಮೂಳೆ ಹೋಗಿ ಆ ಸಂದಿ ಎಂದೋ ಆಗಿತ್ತು, ಅದರೊಳಗೆ ಗಾರೆ ತುಂಬಿಕೊಂಡಿತ್ತು ಅಷ್ಟೇ. ಅಕ್ಕಪಕ್ಕದ ಹಲ್ಲುಗಳಿಗೆಲ್ಲ ಗಾರೆ ಅಂಟಿಕೊಂಡು ಕಟ್ಟಿ ಹಾಕಿದಂತಿದ್ದರೆ, ತೆಗೆದಾಗ ಸ್ವಲ್ಪ ಸಡಿಲ ಅನ್ನಿಸುವುದೂ ಉಂಟು. ಊತ ಇಳಿದ ಮೇಲೆ ಸಾಮಾನ್ಯವಾಗಿ ಹಲ್ಲು ಬಿಗಿಯಾಗುತ್ತದೆ. ಗಾರೆಯನ್ನು ಹಾಗೇ ಬಿಟ್ಟಿದ್ದರೆ ಉಳಿದ ಮೂಳೆಯೂ ಹೋಗುತ್ತಿತ್ತು.

ಕ್ಲೀನಿಂಗ್ ಆದ ಮೇಲೆ ಕೆಲವು ದಿನ ತಣ್ಣೀರು ಜುಮ್ ಅನ್ನುತ್ತದೆ. ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ, ಸೆನ್ಸಿಟಿವ್ ಹಲ್ಲಿನ ಪೇಸ್ಟು ಸಹಾಯ ಮಾಡುತ್ತದೆ. ಹಲ್ಲು ಬಿಳಿ ಆಗಲಿಲ್ಲ ಅಂತ ಜಗಳ ಮಾಡಬೇಡಿ, ಬಿಳಿ ಮಾಡುವುದು ಬೇರೆಯದೇ ಕೆಲಸ.

ನಾಲ್ಕಕ್ಕಿಂತ ಆಳದ ಪಾಕೆಟ್ ಇದ್ದವರಿಗೆ ಮೇಲ್ಮೇಲಿನ ಸ್ಕೇಲಿಂಗ್ ಸಾಲದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲ್ಮೈಯನ್ನು ಶುಚಿ ಮಾಡುತ್ತಾರೆ. ಡೀಪ್ ಕ್ಲೀನಿಂಗ್ ಅಥವಾ ರೂಟ್ ಪ್ಲೇನಿಂಗ್ ಅನ್ನುತ್ತಾರೆ. ಬಾಯಿಯನ್ನು ಭಾಗ ಮಾಡಿಕೊಂಡು ಎರಡು ಅಥವಾ ಹೆಚ್ಚು ಭೇಟಿಯಲ್ಲಿ ಮುಗಿಸುವುದು ವಾಡಿಕೆ, ದುಡ್ಡೂ ಸಾಮಾನ್ಯವಾಗಿ ಭಾಗಕ್ಕಿಷ್ಟು ಅಂತ. ಇದಾದ ಎರಡು ಮೂರು ತಿಂಗಳಿಗೆ ಮತ್ತೆ ಅಳೆಸಬೇಕು. ಆರು ಇದ್ದದ್ದು ನಾಲ್ಕಾಗಿದ್ದರೆ ಚಿಕಿತ್ಸೆ ಹಿಡಿದಿದೆ. ಆರು ಆರಾಗಿಯೇ ಇದ್ದು ರಕ್ತವೂ ಬರುತ್ತಿದ್ದರೆ ವಸಡು ಬಿಡಿಸಿ ಶುಚಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಈ ಎರಡನೇ ಅಳತೆಗೆ ಹೋಗದವರೇ ಜಾಸ್ತಿ. ಹೋಗದಿದ್ದರೆ ಕೊಟ್ಟ ದುಡ್ಡು ಕೆಲಸ ಮಾಡಿತಾ ಇಲ್ಲವಾ ಅನ್ನುವುದೇ ತಿಳಿಯುವುದಿಲ್ಲ.

ಬರೀ ಆ್ಯಂಟಿಬಯೋಟಿಕ್ ಬರೆದುಕೊಟ್ಟು ಕಳಿಸಿದರೆ ಕಾರಣ ಕೇಳಿ. ಗಾರೆ, ಪ್ಲಾಕ್ ತೆಗೆಯದೆ ಮಾತ್ರೆ ನುಂಗಿದರೆ ನಾಲ್ಕು ದಿನ ಸಮಾಧಾನ, ಅಷ್ಟೇ.

ಹಂತ 6: ಮುಂದಿನ ತಾರೀಕು

ಆರು ತಿಂಗಳಿಗೊಮ್ಮೆ ಅನ್ನುವುದು ಎಲ್ಲ ಕಡೆ ಕೇಳುವ ಮಾತು. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಇನ್ನೂ ಗಟ್ಟಿ, ಅಲ್ಲಿನ ದಂತ ವಿಮೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಕ್ಲೀನಿಂಗ್ ಕೊಡುತ್ತದೆ. ಆದರೆ ಎಲ್ಲರ ಬಾಯಿಗೂ ಒಂದೇ ಅವಧಿ ಸರಿಹೊಂದುವುದಿಲ್ಲ.

ಮೇಲೆ ಹೇಳಿದ ಹರಾಲ್ಡ್ ಲೋ ತಂಡವೇ 1970ರಿಂದ 1985ರವರೆಗೆ ಶ್ರೀಲಂಕಾದ ಟೀ ತೋಟದ 480 ಕಾರ್ಮಿಕರನ್ನು ಗಮನಿಸಿತು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರ ಮುಖ ನೋಡಿದವರಲ್ಲ. ಎಲ್ಲರ ಬಾಯಲ್ಲೂ ಪ್ಲಾಕ್, ಗಾರೆ, ಊತ. ಆದರೂ ಸುಮಾರು ಶೇ. 8 ಜನರಲ್ಲಿ ಕಾಯಿಲೆ ಭರದಿಂದ ಓಡಿತು, ಶೇ. 81 ಜನರಲ್ಲಿ ಮಧ್ಯಮ ವೇಗ, ಶೇ. 11 ಜನರಲ್ಲಿ ಬರೀ ಊತದಲ್ಲೇ ನಿಂತಿತು. ಒಂದೇ ಕೊಳೆ, ಮೂರು ದಾರಿ. ನೀವು ಯಾವ ಗುಂಪಿನವರು ಅನ್ನುವುದು ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ವರ್ಷಗಳ ಅಂಕಿ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ.

ಇನ್ನೊಂದು ಕಡೆ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರು. ಅಲ್ಲಿ ಆಕ್ಸೆಲ್‌ಸನ್ ಮತ್ತು ಲಿಂಡೆ ಎಂಬ ಇಬ್ಬರು 1970ರ ದಶಕದ ಆರಂಭದಲ್ಲಿ ನೂರಾರು ಜನರಿಗೆ ಮೊದಲ ವರ್ಷಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ನಂತರ ಒಬ್ಬೊಬ್ಬರ ಅಗತ್ಯ ನೋಡಿ ಕ್ಲೀನಿಂಗ್ ಮಾಡುತ್ತಾ, ಹಲ್ಲುಜ್ಜುವುದನ್ನು ಕೈಹಿಡಿದು ಕಲಿಸುತ್ತಾ ಬಂದರು. ಮೂವತ್ತು ವರ್ಷದ ಕೊನೆಗೆ ಅತಿ ಹಿರಿಯರ ಗುಂಪಿನಲ್ಲೂ ಒಬ್ಬರು ಕಳೆದುಕೊಂಡ ಹಲ್ಲು ಸರಾಸರಿ ಎರಡಕ್ಕಿಂತ ಕಡಿಮೆ. ಹೋದವುಗಳಲ್ಲೂ ಮುಖ್ಯ ಕಾರಣ ಬೇರು ಬಿರುಕು ಬಿಟ್ಟದ್ದು.

ಹಾಗಾದರೆ ಎಲ್ಲರೂ ಮೂರು ತಿಂಗಳಿಗೊಮ್ಮೆ ಓಡಬೇಕಾ? ಇಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ನೋಡಿದರೆ, ವಸಡಿನ ಗಂಭೀರ ಕಾಯಿಲೆ ಇಲ್ಲದ, ದಂತವೈದ್ಯರ ಸಂಪರ್ಕದಲ್ಲಿರುವ ವಯಸ್ಕರಲ್ಲಿ ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ತಪ್ಪದೆ ಸ್ಕೇಲಿಂಗ್ ಮಾಡಿದ್ದಕ್ಕೂ ಮಾಡದೇ ಇದ್ದದ್ದಕ್ಕೂ ಎರಡು ಮೂರು ವರ್ಷದಲ್ಲಿ ವಸಡಿನ ಊತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2004ರಲ್ಲೇ ವಯಸ್ಕರ ತಪಾಸಣೆಯ ಅವಧಿಯನ್ನು ಮೂರು ತಿಂಗಳಿಂದ ಎರಡು ವರ್ಷದವರೆಗೆ, ಅವರವರ ಅಪಾಯ ನೋಡಿ ಇಟ್ಟುಕೊಳ್ಳಲು ಹೇಳಿತು.

ಇದನ್ನೆಲ್ಲ ನಮ್ಮ ಬದುಕಿಗೆ ಹೊಂದಿಸಿದರೆ, ಡಾಕ್ಟರ ಜೊತೆ ಮಾತಾಡಲು ಒಂದು ಅಂದಾಜು ಹೀಗಿರಬಹುದು. ಎಲ್ಲ ಅಂಕಿ ಮೂರರ ಒಳಗೆ, ರಕ್ತ ಅಪರೂಪ, ತಂಬಾಕಿಲ್ಲ, ಶುಗರ್ ಇಲ್ಲ: ವರ್ಷಕ್ಕೊಮ್ಮೆ ತೋರಿಸಿ, ಗಾರೆ ಇದ್ದರೆ ತೆಗೆಸಿ. ಅಲ್ಲಲ್ಲಿ ರಕ್ತ, ಬೇಗ ಗಾರೆ ಕಟ್ಟುವ ಬಾಯಿ, ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆ ಇರುವವರು, ತಂಬಾಕು ಬಿಡಲಾಗದವರು, ಅಪ್ಪ ಅಮ್ಮ ಚಿಕ್ಕ ವಯಸ್ಸಿಗೇ ಹಲ್ಲು ಕಳೆದುಕೊಂಡವರು: ಆರು ತಿಂಗಳು. ಒಮ್ಮೆ ಪೆರಿಯೊಡಾಂಟೈಟಿಸ್ ಆಗಿ ಡೀಪ್ ಕ್ಲೀನಿಂಗ್ ಮಾಡಿಸಿಕೊಂಡವರು: ಮೂರರಿಂದ ನಾಲ್ಕು ತಿಂಗಳು, ಅದೂ ಜೀವನಪರ್ಯಂತ. ಪಾಕೆಟ್ಟಿನ ತಳದ ಬ್ಯಾಕ್ಟೀರಿಯಾ ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ, ಅದಕ್ಕೆ ಈ ಅವಧಿ. ಇಂಪ್ಲಾಂಟ್ ಹಾಕಿಸಿಕೊಂಡವರೂ ಈ ಸಾಲಿಗೇ ಸೇರಿ. ಕೃತಕ ಹಲ್ಲಿಗೆ ಹುಳುಕು ಇಲ್ಲ ನಿಜ, ಅದರ ಸುತ್ತಲಿನ ಮೂಳೆ ಕರಗುವುದಂತೂ ಇದೆ.

ಕ್ಲಿನಿಕ್ಕಿನಿಂದ ಹೊರಡುವ ಮುಂಚೆ ತಾರೀಕು ಬರೆಸಿಕೊಂಡು ಫೋನಿನಲ್ಲಿ ಅಲಾರಂ ಇಡಿ. 'ಹಬ್ಬ ಕಳೀಲಿ' ಅಂದರೆ ಇನ್ನೊಂದು ಹಬ್ಬ ಬರುತ್ತದೆ. ಊರು ಬದಲಾಯಿಸಿದರೆ ಹಳೆಯ ಚಾರ್ಟಿನ ಫೋಟೋ ಹೊಸ ಡಾಕ್ಟರಿಗೆ ತೋರಿಸಿ. ಹೋದ ವರ್ಷ ಮೂರು, ಈ ವರ್ಷ ಐದು ಅನ್ನುವ ಮಾಹಿತಿಯ ಮುಂದೆ ಈವತ್ತಿನ ಐದು ಒಂದೇ ಹೆಚ್ಚು ಹೇಳುವುದಿಲ್ಲ.

ಹಂತ 7: ಎರಡು ಭೇಟಿಗಳ ನಡುವೆ

ಮೃದು ಎಳೆಯ ಬ್ರಷ್, ದಿನಕ್ಕೆ ಎರಡು ಸಲ, ಎರಡು ನಿಮಿಷ. ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು ಸಣ್ಣಗೆ ಅಲುಗಾಡಿಸಿ. ರಾತ್ರಿಯ ಸಲವನ್ನು ತಪ್ಪಿಸಲೇಬೇಡಿ. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವುದು ಎಲ್ಲರ ಅಭ್ಯಾಸ. ಅಲ್ಲೇ ಮೆತ್ತಗೆ, ಇನ್ನೂ ಗಮನವಿಟ್ಟು ಉಜ್ಜಬೇಕು.

ಕಾಯಿಲೆ ಮೊದಲು ಶುರುವಾಗುವುದು ಎರಡು ಹಲ್ಲುಗಳ ನಡುವೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಸಂದಿ ಇದ್ದವರಿಗೆ ಇಂಟರ್‌ಡೆಂಟಲ್ ಬ್ರಷ್, ಅಂದರೆ ತಂತಿಯ ಸುತ್ತ ಎಳೆ ಇರುವ ಪುಟ್ಟ ಬ್ರಷ್, ಬಹಳ ಒಳ್ಳೆಯದು. ಒಂದೇ ಬಾಯಲ್ಲಿ ಎರಡು ಮೂರು ಅಳತೆಯವು ಬೇಕಾಗಬಹುದು, ಡಾಕ್ಟರ ಬಳಿಯೇ ಹಾಕಿ ನೋಡಿ ಆರಿಸಿಕೊಳ್ಳಿ. ತೂರಿಸುವಾಗ ಎಳೆ ಎರಡೂ ಹಲ್ಲಿಗೆ ತಾಗಬೇಕು, ತಂತಿ ತಾಗಬಾರದು. ಬಿಗಿ ಹಲ್ಲುಗಳಿಗೆ ಫ್ಲಾಸ್, ಅಂದರೆ ಸಂದಿ ಶುಚಿ ಮಾಡುವ ತೆಳು ದಾರ. ಗುಂಡುಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ.

ಬೇವಿನ ಕಡ್ಡಿ ಬಳಸುವವರು ಬಳಸಲಿ, ಆದರೆ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು. ಹಲ್ಲುಗಳ ನಡುವೆಯೂ ಒಳಬದಿಗೂ ಅದು ಸರಿಯಾಗಿ ತಲುಪುವುದಿಲ್ಲ ಅನ್ನುವುದು ನೆನಪಿರಲಿ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ನಶ್ಯದಲ್ಲಿ ಹಲ್ಲುಜ್ಜುವ ಅಜ್ಜಿಯಂದಿರು ಇನ್ನೂ ಇದ್ದಾರೆ, ಅದು ತಂಬಾಕೇ. ಮೆಡಿಕಲ್ ಶಾಪಿನ ಗಮ್ ಪೇಂಟ್ ಊತವನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸುತ್ತದೆ, ಗಾರೆಗೆ ಏನೂ ಮಾಡುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಎರಡು ವಾರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗಿ, ನಾಲಿಗೆಯ ರುಚಿ ಕೆಡುತ್ತದೆ. ಪೇಸ್ಟಿನಲ್ಲಿ ಉಜ್ಜಿದ ಅರ್ಧ ಗಂಟೆ ಬಿಟ್ಟು ಬಳಸಿ.

ತಾರೀಕಿಗೆ ಕಾಯಬಾರದ ಸಂದರ್ಭಗಳು

ವಸಡಿನಲ್ಲಿ ಕೀವು, ಒಮ್ಮೆಲೇ ಎದ್ದ ಗುಳ್ಳೆ, ಹಲ್ಲು ಹೊಸದಾಗಿ ಅಲ್ಲಾಡುವುದು, ಕಚ್ಚಿದಾಗ ಹಲ್ಲು ಮೊದಲಿನಂತೆ ಕೂರದಿರುವುದು: ಆ ವಾರದಲ್ಲೇ ಹೋಗಿ. ಮುಖ ಊದಿ ಜ್ವರ ಬಂದರೆ ಅವತ್ತೇ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಊತ ಕಣ್ಣಿನ ಕಡೆ ಅಥವಾ ಕುತ್ತಿಗೆಗೆ ಇಳಿದರೆ ದಂತ ಕ್ಲಿನಿಕ್ಕಿಗಲ್ಲ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇನ್ನೊಂದು ಇದೆ. ಕ್ಲೀನಿಂಗ್ ಆಗಿದೆ, ಗಾರೆ ಇಲ್ಲ, ನೀವೂ ಸರಿಯಾಗಿ ಉಜ್ಜುತ್ತಿದ್ದೀರಿ, ಆದರೂ ಎರಡು ಮೂರು ವಾರವಾದರೂ ವಸಡಿನ ರಕ್ತ ನಿಲ್ಲುತ್ತಿಲ್ಲ. ಅಥವಾ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ವಿಪರೀತ ಸುಸ್ತು ಜೊತೆಗಿದೆ. ಆಗ ಒಂದು ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೂ, ರಕ್ತದ ಕೆಲವು ಗಂಭೀರ ಕಾಯಿಲೆಗಳಲ್ಲೂ ಮೊದಲ ಸುಳಿವು ವಸಡಿನಲ್ಲೇ ಸಿಗುವುದುಂಟು. ಬರೆದುಕೊಡಿ ಅಂತ ದಂತವೈದ್ಯರನ್ನೇ ಕೇಳಬಹುದು, ಫಿಸಿಷಿಯನ್ ಹತ್ತಿರವೂ ಹೋಗಬಹುದು.